ಬೆದೆ

ಮಾರ್ಟಿನ್ ಸಂತನ ದಿನ, ಊರೆಲ್ಲ ಹೆಬ್ಬಾತು ಹುರಿಯುತ್ತಿದ್ದಾಗ
ನಾವು ಗಂಡುಹಂದಿಗೆ ಕಾಯುತ್ತಿದ್ದೆವು.
ತಿಸಾ ನದಿಯಾಚೆಯ ಗೆರ್ಗೆಯ್ ಅದನ್ನು ಟ್ರೇಲರಿನಲ್ಲಿ ತಂದ,
ಮದುಮಗನಂತೆ ಕಿವಿ ತೊಳೆಸಿ.
ಕರಾರು: ಎರಡು ಮೂಟೆ ಮೆಕ್ಕೆಜೋಳ, ಹುಟ್ಟಿದ್ದರಲ್ಲಿ ಒಂದು ಮರಿ,
ಆರಿಸುವವನು ಅವನೇ.

ನಮ್ಮ ದೊರೆಸಾನಿ ಮಂಗಲಿತ್ಸಾ ಜಾತಿಯವಳು,
ಹಂದಿಯ ಮೈಗೆ ಕುರಿಯ ಗುಂಗುರು ಕೂದಲು.
ಬೆನ್ನ ಮೇಲೆ ಕೈಯೂರಿ ಒತ್ತಿದರೆ
ಕದಲದೆ ಕಲ್ಲಾಗಿ ನಿಂತಳು.
"ಬೆದೆ" ಎಂದಳು ಅತ್ತೆ ಬೊರ್ಬಾಲಾ. ಅಷ್ಟೆ.
ಅವಳು ಮಾತನ್ನು ಉಪ್ಪಿನ ಹಾಗೆ ಬಳಸುತ್ತಾಳೆ.
ನಾನೋ, ಸೆಗೆದ್ ಬಸ್ ನಿಲ್ದಾಣದಲ್ಲಿ ಟಿಕೆಟು ಹರಿಯುತ್ತಿದ್ದವಳು,
ಹನ್ನೊಂದು ವರ್ಷ ಗಾಜಿನ ತೂತಿನಿಂದ
ಲೋಕದ ಜತೆ ಹರಟಿದವಳು.

ಮೂರು ತಿಂಗಳು, ಮೂರು ವಾರ, ಮೂರು ದಿನ.
ಬಾಗಿಲ ಹಿಂದೆ ಸೀಮೆಸುಣ್ಣದ ಗೀಟು.
ಹಿಮ ಬಿತ್ತು, ಕೊಳಾಯಿ ಹೆಪ್ಪುಗಟ್ಟಿತು, ಗಂಡನ ಮೀಸೆಯೂ.
ಗೀಟುಗಳು ಮಾತ್ರ ಚಳಿಗೆ ಜಗ್ಗದೆ ನಡೆದವು.

ಮಾರ್ಚಿನ ಒಂದು ಬೆಳಿಗ್ಗೆ ಬೊರ್ಬಾಲಾ
ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ನೋಡಿದಳು:
ಉಂಡೆಯಾಯಿತು, ಬೆರಳು ತಾಗಿದರೆ ಉದುರಿತು.
"ಬೆದೆ" ಎಂದಳು,
ಅದೇ ದನಿಯಲ್ಲಿ.

ಗಸಗಸೆ ಬಿತ್ತುವುದಕ್ಕೆ ಅವಳ ತವರಿನ ಕಟ್ಟಳೆ:
ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬಾಯಿ ಬಿಡಬಾರದು.
ಒಂದು ಮಾತು ಬಿದ್ದರೂ ಹುಳು ಕೇಳಿಸಿಕೊಳ್ಳುತ್ತದೆ,
ಕಾಯಿ ಬಲಿಯುವ ತನಕ ನೆನಪಿಟ್ಟುಕೊಂಡು ಬರುತ್ತದೆ.
ನಗು ಬಂತು. ನುಂಗಿದೆ.
ಇರುವೆಯ ಕಣ್ಣಿನಷ್ಟು ಬೀಜ; ಒಣ ಮರಳು ಬೆರೆಸಿ
ಮೂರು ಬೆರಳಲ್ಲಿ ಉದುರಿಸುತ್ತ
ಅವಳು ಆ ತುದಿಯಿಂದ, ನಾನು ಈ ತುದಿಯಿಂದ.
ಬೇಲಿಯಾಚೆ ಅಂಚೆಯವನು ಸೈಕಲ್ಲು ಇಳಿದು
ಶುಭದಿನ ಎಂದ. ತಲೆ ಆಡಿಸಿದೆ.
ಮುನಿಸಿಕೊಂಡೇ ಹೋದ.

ಏಳನೇ ಸಾಲು. ಗೂಡಿನಿಂದ ಗೊರಗೊರ.
ಗೀಟು ಇನ್ನೂ ಎರಡು ಬಾಕಿಯಿತ್ತಲ್ಲ!
ಹಲಗೆಯ ಸಂದಿನಲ್ಲಿ ಕಂಡೆ: ಹುಲ್ಲಿನ ಮೇಲೆ ಒದ್ದೆ ಮರಿಗಳು,
ಕಾಡಿನ ನೆನಪಿನಂತೆ ಬೆನ್ನಿಗೆ ಪಟ್ಟೆ,
ಒಂದು, ಎರಡು, ಐದು. ಆರನೆಯದು, ಗೇಣುದ್ದದ್ದು,
ಗೋಡೆಗೂ ದೊರೆಸಾನಿಯ ಬೆನ್ನಿಗೂ ನಡುವೆ.
ಅವಳು ಮಗ್ಗುಲಾಗುತ್ತಿದ್ದಾಳೆ, ನಿಧಾನವಾಗಿ,
ದಣಿದ ಹೆಂಗಸು ಮಂಚಕ್ಕೆ ಒರಗುವ ಹಾಗೆ, ಏನೂ ಅರಿಯದೆ.

ಓಡಿದರೆ ಮೂವತ್ತು ಹೆಜ್ಜೆ.
ಕೂಗಿದರೆ ಒಂದೂ ಇಲ್ಲ.

"ಏಳೇ! ಏಳೇ, ದೊರೆಸಾನೀ!"

ತಲೆಯೆತ್ತಿದಳು. ಮರಿ ಸಂದಿನಿಂದ ಜಾರಿ
ತೆವಳಿ, ಬಿದ್ದು, ಮತ್ತೆ ತೆವಳಿ
ಕಟ್ಟಕಡೆಯ ಮೊಲೆಯನ್ನು ಕಚ್ಚಿ ಹಿಡಿಯಿತು.
ಹೊಲದ ಆ ತುದಿಯಲ್ಲಿ ಬೊರ್ಬಾಲಾ ನಿಂತಲ್ಲೇ ನಿಂತಿದ್ದಳು.
ಬಂದಳು, ತುಟಿ ಹೊಲಿದಂತೆ. ಬೈಯಲಿಲ್ಲ.
ಏಳನೇ ಸಾಲಿಗೊಂದು ಕಡ್ಡಿ ನೆಟ್ಟು
ನನ್ನ ಕೈಯಿಂದ ಬೀಜದ ಬಟ್ಟಲು ತೆಗೆದುಕೊಂಡು
ಉಳಿದದ್ದನ್ನು ತಾನೇ ಬಿತ್ತಿದಳು.

ಮೇ ತಿಂಗಳಲ್ಲಿ ಗೆರ್ಗೆಯ್ ಬಂದು
ಕಾಲು ನೋಡಿ, ಬಾಲ ನೋಡಿ, ದೊಡ್ಡದನ್ನೇ ಒಯ್ದ.
ನಾಲ್ಕು ಸಂತೆಗೆ ಹೋದವು.
ಗೇಣುದ್ದದ್ದನ್ನು ಯಾರೂ ಕೇಳಲಿಲ್ಲ. ಹೆಣ್ಣು.
ಬೇಡವಾದದ್ದು ಮನೆಗೆ ಉಳಿಯಿತು, ತಳಿಗೆ.

ಜುಲೈನಲ್ಲಿ ಕಾಯಿ ಒಣಗಿತು. ಬೊರ್ಬಾಲಾ ಒಂದೊಂದನ್ನೂ
ಕಿವಿಯ ಹತ್ತಿರ ಅಲ್ಲಾಡಿಸಿದಳು.
ಏಳನೇ ಸಾಲಿನಲ್ಲಿ ಕೆಲವು ಗಸಗಸ ಎಂದವು,
ಕೆಲವಕ್ಕೆ ಹುಳು ಹೊಕ್ಕಿತ್ತು.
ಬೇರೆ ಸಾಲುಗಳಲ್ಲೂ ಅಷ್ಟೇ ಹುಳು. ನಾನು ಎಣಿಸಿದ್ದೇನೆ.
ಅವಳಿಗೆ ಹೇಳಿಲ್ಲ.
ಅವಳೂ ಎಣಿಸಿರಬಹುದು.

ಆ ಸಾಲಿನ ಬೀಜವನ್ನು ಬೇರೆ ಕಾಫಿ ಡಬ್ಬಿಗೆ ಸುರಿದು
ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದಿಟ್ಟಳು: ಯೂದಿತ್.

ಈ ವರ್ಷ ಮತ್ತೆ ಮುಷ್ಟಿ ಮಣ್ಣು, ಮತ್ತೆ ಅದೇ ಒಂದು ಮಾತು.
ಡಬ್ಬಿಯನ್ನು ಕೈಗಿಟ್ಟು
ಹಂದಿಗೂಡಿನ ಪಕ್ಕದ ಪಟ್ಟಿಯನ್ನು ಗಲ್ಲದಲ್ಲೇ ತೋರಿಸಿದಳು.
"ಇಲ್ಲಿ ಮಾತಾಡಬಹುದಾ?" ಎಂದೆ.

ಉತ್ತರವಿಲ್ಲ. ಅವಳಾಗಲೇ
ತನ್ನ ಮೊದಲ ಸಾಲಿಗೆ ಇಳಿದಿದ್ದಳು.